ಗಾಳಿ ದುಡಿಯುವ ಶೆಡ್ಡು

ಫೆಬ್ರುವರಿ ಕಳೆದು ಬಿಸಿಲು ಏರುವ ಹೊತ್ತಿಗೆ ವಿಜಯಪುರದಿಂದ ತಿಕೋಟಾ ಕಡೆಗೆ ಹೊರಟರೆ, ಮಡ್ಡಿ ನೆಲದಲ್ಲಿ ಉದ್ದುದ್ದ ಶೆಡ್ಡುಗಳು ಕಾಣುತ್ತವೆ. ಸುತ್ತ ಹಸಿರು ನೆರಳುಬಲೆ, ಒಳಗೆ ಒಂದರ ಮೇಲೊಂದು ಜಾಳಿಗೆಯ ಅಂತಸ್ತು, ಅದರ ತುಂಬ ಹರವಿದ ದ್ರಾಕ್ಷಿ. ನಮ್ಮ ಮಣೂಕ, ಅಂದರೆ ಒಣದ್ರಾಕ್ಷಿ, ತಯಾರಾಗುವುದು ಇಲ್ಲಿ.

ತಿಕೋಟಾದ ಶೆಡ್ಡಿಗೆ ಗೋಡೆ ಕಟ್ಟಿದರೆ ಕೆಲಸವೇ ಕೆಟ್ಟಿತು. ಇಲ್ಲಿ ದುಡಿಯುವುದು ಗಾಳಿ.

ದ್ರಾಕ್ಷಿಯ ಸಿಪ್ಪೆಯ ಮೇಲೆ ಬೆರಳಿಗೆ ಹತ್ತುವಂಥ ತೆಳ್ಳನೆಯ ಮಬ್ಬು ಇರುತ್ತದಲ್ಲ, ಅದು ಮೇಣ. ಒಳಗಿನ ನೀರನ್ನು ಅದು ಸುಲಭಕ್ಕೆ ಹೊರಬಿಡದು. ಅದಕ್ಕೇ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಸುಮಾರು 2000 ವರ್ಷದ ಹಿಂದೆ ರೋಮಿನ ಕೃಷಿ ಲೇಖಕ ಕೊಲುಮೆಲ್ಲಾ ಬೂದಿನೀರಿಗೆ ಎಣ್ಣೆ ಹಾಕಿ ದ್ರಾಕ್ಷಿ ಅದ್ದುವುದನ್ನು ಬರೆದಿಟ್ಟಿದ್ದಾನೆ. ಉಪಾಯ ಹೆಚ್ಚುಕಡಿಮೆ ಅದೇ. ಆಮೇಲೆ ಎರಡು ವಾರ ಗಾಳಿಯ ಪಾಳಿ. 4 ಕಿಲೋ ಹಣ್ಣು ಸುಮಾರು 1 ಕಿಲೋಕ್ಕೆ ಇಳಿಯುತ್ತದೆ.

ಈ ಲೆಕ್ಕದ ಮುಂದೆ ಪ್ರತಿ ಸಲವೂ ನನಗೆ ಮಾತು ನಿಲ್ಲುತ್ತದೆ. ತಿಕೋಟಾ, ಬಬಲೇಶ್ವರದ ರೈತರು ನೀರಿಗಾಗಿ ಪಟ್ಟ ಪಾಡು ಸಣ್ಣದಲ್ಲ. ಬೋರು ಕೊರೆಸಿದರು, ಟ್ಯಾಂಕರಿನಲ್ಲಿ ತಂದು ದ್ರಾಕ್ಷಿ ಪಡ ಉಳಿಸಿಕೊಂಡರು. ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ಮಡ್ಡಿ ಏರಿದ್ದು ತೀರ ಈಚೆಗೆ. ಹನಿ ಹನಿಯಾಗಿ ಬಳ್ಳಿಗೆ ಕುಡಿಸಿ ಹಣ್ಣಿನೊಳಗೆ ತುಂಬಿದ ಅದೇ ನೀರನ್ನು ಕಡೆಗೆ ತಾವೇ ಗಾಳಿಗೆ ಬಿಟ್ಟುಕೊಡುತ್ತಾರೆ. ನೀರು ಬಂದದ್ದು ಸಕ್ಕರೆಯನ್ನು ಹೊತ್ತು ತರಲಿಕ್ಕೆ; ತಂದಿಟ್ಟು ಹೋಗುತ್ತದೆ. ತಲೆಮಾರುಗಟ್ಟಲೆ ಈ ಸೀಮೆಯನ್ನು ಬರಕ್ಕೆ ದೂಡಿದ ಒಣಹವೆಯೇ ಇಲ್ಲಿ ಕೂಲಿ ಕೇಳದ ಆಳು. ಆ ಎರಡು ವಾರ ಮೋಡ ಕವಿದರೆ ಊರಿನ ಎದೆ ಹೊಡೆದುಕೊಳ್ಳುತ್ತದೆ. ಮಳೆಗಾಗಿ ಕಾಯುವ ನಾಡು ಮಳೆ ಬೇಡವೆಂದು ಬೇಡಿಕೊಳ್ಳುವ ದಿನಗಳು ಅವು.

ಹದ ನೋಡುವ ಕೈಗಳನ್ನು ಗಮನಿಸಬೇಕು. ಒಂದು ಹಿಡಿ ಮಣೂಕ ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿ ಬಿಡುತ್ತಾರೆ. ಉಂಡೆಗಟ್ಟಿದರೆ ಇನ್ನೂ ಹಸಿ. ಒಂದೊಂದಾಗಿ ಬಿಡಿಸಿಕೊಂಡರೆ ಆಯಿತು. ಅಲ್ಲಿಂದ ಮುಂದೆ ಅದಕ್ಕೆ ಬಿಸಿ ಆಗದು. ಬೇಸಿಗೆಯ ಗಾಳಿಯಲ್ಲೇ ಮಾಗಿದ ಮಾಲನ್ನು, ಅದೇ ಬೇಸಿಗೆ ಬಣ್ಣ ಕೆಡಿಸೀತೆಂದು, ಕೋಲ್ಡ್ ಸ್ಟೋರೇಜಿಗೆ ಸಾಗಿಸುತ್ತಾರೆ.