ಇಂದಿನ ಧಮ್ಮ ಚಿಂತನೆ: ಮೂಲ ಮರ ಯಾವುದು, ಬೆಣೆ ಯಾವುದು?



ನಾನು ಇಪ್ಪತ್ತು ವರ್ಷದಿಂದ ಹಳೆಯ ಬೇಸ್ ಗಿಟಾರ್ ಕೂಡಿಸುತ್ತಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಹಾವೇರಿ, ರಾಣೆಬೆನ್ನೂರಿನ ಆರ್ಕೆಸ್ಟ್ರಾದವರು ಕೀಬೋರ್ಡಿನಲ್ಲೇ ಬೇಸ್ ನುಡಿಸತೊಡಗಿದ ಮೇಲೆ ಈ ನಾಲ್ಕು ತಂತಿಯ ವಾದ್ಯ ಮೂಲೆ ಸೇರಿತು. ಬ್ಯಾಡಗಿಯಲ್ಲಿ ಸಿಕ್ಕ ಒಂದರ ಪ್ಲೇಟ್ ಬಿಚ್ಚಿದರೆ ಒಳಗೆಲ್ಲ ಮೆಣಸಿನಕಾಯಿ ಘಾಟು. ಅರ್ಧ ತಾಸು ಸೀನಿದೆ!

ಹಳೆಯ ಬೇಸ್ ಕೊಳ್ಳುವವರು ಮೊದಲು ಕೇಳುವುದು ಒಂದೇ: ಇದರಲ್ಲಿ ಒರಿಜಿನಲ್ ಎಷ್ಟು ಉಳಿದಿದೆ? ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ಹಳೆಯದಾದರೆ, ನೆಕ್ ಬಿಚ್ಚಿ ಬುಡದಲ್ಲಿ ತಾರೀಖು ಇದೆಯೇ ನೋಡುತ್ತಾರೆ. ವಾಲ್ಯೂಮ್ ಪಾಟಿನ ಮೇಲೆ 1376632 ಎಂದಿದ್ದರೆ 137 ತಯಾರಕರ ಗುರುತು, 66 ಅಂದರೆ 1966, 32 ಅಂದರೆ ಆ ವರ್ಷದ 32ನೇ ವಾರ. ತಲೆಯ ಮೇಲಿನ ಹೆಸರನ್ನಷ್ಟೇ ಯಾರೂ ನಂಬುವುದಿಲ್ಲ. ಹೆಸರು ಅಂಟಿಸುವುದು ಸುಲಭ.

ಸಂಯುತ್ತ ನಿಕಾಯದ ಆಣಿ ಸುತ್ತದಲ್ಲಿ ಭಗವಾನರು ಇಂಥದ್ದೇ ಒಂದು ವಾದ್ಯದ ಮಾತು ಹೇಳುತ್ತಾರೆ. ದಶಾರ್ಹರ ಬಳಿ ಆನಕ ಎಂಬ ನಗಾರಿ ಇತ್ತು. ಅದು ಸೀಳಿದಾಗಲೆಲ್ಲ ಒಂದೊಂದು ಬೆಣೆ ಹೊಡೆದರು. ಕೊನೆಗೆ ಮೂಲ ಮರವೇ ಹೋಗಿ ಬೆಣೆಗಳಷ್ಟೇ ಉಳಿದವು. ಮುಂದೆ ಜನ ಅಲಂಕಾರದ ಮಾತಿಗೆ ಕಿವಿಗೊಟ್ಟು, ಬುದ್ಧನ ಆಳವಾದ ಮಾತುಗಳೂ ಹೀಗೆಯೇ ಮರೆಯಾದಾವು ಎಂಬುದು ಅವರ ಎಚ್ಚರಿಕೆ. (ದಿನಾ ಬೆಳಿಗ್ಗೆ ಬರುವ ನಮ್ಮ ಸಂದೇಶಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.)

ಬಾಬಾಸಾಹೇಬರು ಮಾಡಿದ್ದು ಪ್ಲೇಟ್ ಬಿಚ್ಚಿ ನೋಡುವ ಕೆಲಸ. ಅವರ ಪರಿನಿಬ್ಬಾಣದ ನಂತರ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದ ಪೀಠಿಕೆಯಲ್ಲೇ ನಾಲ್ಕು ಪ್ರಶ್ನೆ ಎತ್ತಿದರು. ಸಿದ್ಧಾರ್ಥ ಮನೆ ಬಿಟ್ಟದ್ದು ಮುದುಕ, ರೋಗಿ, ಶವ ಕಂಡದ್ದಕ್ಕೇ? 29 ವರ್ಷ ಅವು ಕಣ್ಣಿಗೆ ಬಿದ್ದಿರಲಿಲ್ಲವೇ? ನಾಲ್ಕು ಆರ್ಯಸತ್ಯಗಳು ಮೂಲವೋ, ಭಿಕ್ಖುಗಳು ಆಮೇಲೆ ಸೇರಿಸಿದ್ದೋ? ಆತ್ಮವಿಲ್ಲವೆಂದ ಮೇಲೆ ಕರ್ಮ, ಪುನರ್ಜನ್ಮ ಹೇಗೆ? ಭಿಕ್ಖು ಇರುವುದು ಯಾತಕ್ಕೆ? ಶ್ರದ್ಧೆಯಿದ್ದವರು ಇಷ್ಟು ಕೇಳಬಹುದೇ ಅನ್ನುವವರಿದ್ದಾರೆ. ಶ್ರದ್ಧೆಯಿದ್ದುದಕ್ಕೇ ಅವರು ಕೇಳಿದರು.

ಬೆಣೆಯೆಲ್ಲ ಕೆಟ್ಟದ್ದಲ್ಲ. ತಂತಿ ಸವೆದರೆ ಬದಲಿಸಲೇಬೇಕು, ಇಲ್ಲದಿದ್ದರೆ ನಾದ ಹೊರಡದು. ನನ್ನ ತಕರಾರು ಬೆಣೆಯನ್ನೇ ಮೂಲ ಮರ ಅನ್ನುವುದರ ಬಗ್ಗೆ. ದೀಕ್ಷೆ ತೆಗೆದುಕೊಂಡ ಮನೆಯ ಗೋಡೆಗೆ ಬುದ್ಧನ ಫೋಟೋ, ಬಾಗಿಲಿಗೆ ಅಮಾವಾಸ್ಯೆಯ ನಿಂಬೆಹಣ್ಣು, ಗೃಹಪ್ರವೇಶಕ್ಕೆ ಹೋಮ. ಕೇಳಿದರೆ "ಹಿರೇರು ಮಾಡ್ಕೊಂಡು ಬಂದದ್ದು" ಅಂತಾರೆ. ಯಾವ ಹಿರಿಯರು? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ 22 ಪ್ರತಿಜ್ಞೆ ಕೊಟ್ಟವರೂ ನಮ್ಮ ಹಿರಿಯರೇ. 8ನೆಯದನ್ನು ಇವತ್ತೊಮ್ಮೆ ತೆಗೆದು ನೋಡಿ.

ಪೀಠಿಕೆ ಚಿಕ್ಕದು. ಭಾನುವಾರ ಓದಿಕೊಂಡೇ ಬನ್ನಿ, ಎರಡನೇ ಪ್ರಶ್ನೆಯಿಂದ ಶುರು ಮಾಡೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.