ಹೊರಗೆ ಎಂದರೆ ಎಲ್ಲಿ?

ಬೇಡದ್ದನ್ನು ಮನೆಯಿಂದ ಹೊರಗೆ ಹಾಕುವುದೇ ಶುಚಿತ್ವ ಎಂದು ನಾವೆಲ್ಲ ಚಿಕ್ಕಂದಿನಿಂದ ಕಲಿತಿದ್ದೇವೆ. ಕಸವಿರಲಿ, ಮುಸುರೆ ನೀರಿರಲಿ, ಹೊಸ್ತಿಲು ದಾಟಿಸಿಬಿಟ್ಟರೆ ನಮ್ಮ ಕೆಲಸ ಮುಗಿಯಿತು. ಆಮೇಲಿನದು ಬೀದಿಯ ಪಾಡು. ಕಸದ ಗಾಡಿಯವರು ಬಂದು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಎನ್ನತೊಡಗಿದ ಮೇಲೆ ಆ ವಿಷಯದಲ್ಲಿ ನಮಗೆ ಕೊಂಚ ಬುದ್ಧಿ ಬಂದಿದೆ. ಗಾಳಿಯ ವಿಷಯದಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ. ನಮ್ಮ ಹಳೆಯ ಮನೆಯ ಅಡಿಗೆಮನೆಗೆ ಗಾಳಿಯ ವ್ಯವಸ್ಥೆ ಮಾಡಿಸಲು ಹೊರಟಾಗ ನನ್ನನ್ನು ಕಾಡಿದ್ದು ಇದೇ. ಒಳಗಿನ ಗಾಳಿಯನ್ನು ಹೊರಗೆ ಹಾಕುತ್ತೇವೆ, ಸರಿ. ಹೊರಗೆ ಎಂದರೆ ಎಲ್ಲಿ?

ಹೆಂಚಿನ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಹೊಗೆ ಹೆಂಚಿನ ಸಂದುಗಳಿಂದ, ಬೆಳಕಿಂಡಿಯಿಂದ ತಾನಾಗಿ ಮೇಲೆ ಹೋಗುತ್ತಿತ್ತು. ಹಾಗೆಂದು ಆ ಕಾಲವನ್ನು ಹೊಗಳಲಾರೆ. ಮೇಲೆ ಹೋಗುವ ಮುಂಚೆ ಆ ಹೊಗೆ ನಮ್ಮ ಅಜ್ಜಿಯಂದಿರ ಕಣ್ಣು, ಎದೆಗಳನ್ನು ಹಾದೇ ಹೋಗುತ್ತಿತ್ತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯ ದೊಡ್ಡ ಉಪಕಾರವೆಂದರೆ ಸೌದೆಯ ಉಳಿತಾಯ ಮಾತ್ರವಲ್ಲ, ಹೊಗೆಯನ್ನು ಕೊಳವೆಯಲ್ಲಿ ಹಿಡಿದು ಮಾಡಿನ ಮೇಲಕ್ಕೆ ಕಳಿಸಿದ್ದು. ಆಮೇಲೆ ಗ್ಯಾಸ್ ಬಂತು. ಹೊಗೆ ಕಣ್ಣಿಗೆ ಕಾಣದೇ ಹೋದದ್ದರಿಂದ ಹೊಗೆಯೇ ಇಲ್ಲವೆಂದು ತಿಳಿದೆವು. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದಾಗ ನಡುಮನೆಯಲ್ಲಿ ಕೂತವರೂ ಕೆಮ್ಮುತ್ತಾರಲ್ಲ, ಅದು ಏನು? ಕಾದ ಎಣ್ಣೆಯಿಂದ ಏಳುವ ಸೂಕ್ಷ್ಮ ಕಣಗಳು, ಗ್ಯಾಸಿನ ಉರಿಯಿಂದ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್, ಇವೆಲ್ಲ ಗೋಡೆಯ ಜಿಡ್ಡಿಗಿಂತ ಮೊದಲು ನಮ್ಮ ಶ್ವಾಸಕೋಶ ಸೇರುತ್ತವೆ. ತಾರಸಿ ಮನೆಯಲ್ಲಿ ಅವು ಹೋಗಲು ದಾರಿಯಿಲ್ಲ. ಇದ್ದ ಒಂದು ವೆಂಟಿಲೇಟರನ್ನೂ ಸೊಳ್ಳೆಗೆ ಹೆದರಿ ಗಾಜು ಹಾಕಿ ಮುಚ್ಚಿರುತ್ತೇವೆ.

ಅಂಗಡಿಯವರು ಮೊದಲು ತೋರಿಸಿದ್ದು ಕೊಳವೆಯಿಲ್ಲದ ಚಿಮಣಿ. ಗೋಡೆ ಒಡೆಯುವುದು ಬೇಡ, ತಗುಲಿಹಾಕಿದರೆ ಮುಗಿಯಿತು. ಅದು ಗಾಳಿಯನ್ನು ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಮತ್ತೆ ಅದೇ ಕೋಣೆಗೆ ಬಿಡುತ್ತದೆ. ಜಿಡ್ಡು, ವಾಸನೆ ಒಂದಿಷ್ಟು ಕಡಿಮೆಯಾದರೂ ಸೆಕೆ, ಹಬೆ, ಉರಿದ ಗ್ಯಾಸಿನ ಶೇಷ ಅಲ್ಲೇ ಸುತ್ತುತ್ತಿರುತ್ತವೆ. ಸುಲಭದ್ದು ಎಕ್ಸಾಸ್ಟ್ ಫ್ಯಾನ್. ನಾನು ಸಮಾಜ ಪಾಠ ಹೇಳುವವಳಾದರೂ ಇದಕ್ಕೆ ಬೇಕಾದ ಲೆಕ್ಕ ದೊಡ್ಡದೇನಲ್ಲ. ಅಡಿಗೆಮನೆಯ ಗಾಳಿ ಗಂಟೆಗೆ 15 ಸಲವಾದರೂ ಬದಲಾಗಬೇಕು ಎನ್ನುತ್ತಾರೆ. ನಮ್ಮದು 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರ. 800 ಘನ ಅಡಿ. ಗಂಟೆಗೆ 12,000, ಅಂದರೆ ನಿಮಿಷಕ್ಕೆ 200 ಘನ ಅಡಿ ಹೊರಗೆ ಹೋಗಬೇಕು. 9 ಇಂಚಿನ ಫ್ಯಾನ್ ಸಾಕು. ಆದರೆ ಎಷ್ಟು ಹೊರಗೆ ಹೋಗಬೇಕೋ ಅಷ್ಟೇ ಒಳಗೂ ಬರಬೇಕು. ಬಾಗಿಲು ಕಿಟಕಿಗಳೆಲ್ಲ ಮುಚ್ಚಿದ್ದರೆ ಫ್ಯಾನ್ ಸದ್ದು ಮಾಡುತ್ತದೆಯೇ ಹೊರತು ಗಾಳಿ ಕದಲುವುದಿಲ್ಲ. ಬಚ್ಚಲಿನ ಗ್ಯಾಸ್ ಗೀಸರಿಗೆ ಮಾತ್ರ ಈ ಲೆಕ್ಕವನ್ನು ನಂಬಬೇಡಿ. ಮುಚ್ಚಿದ ಬಚ್ಚಲಿನಲ್ಲಿ ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆ ಗೀಸರ್ ಹೊರಗೋಡೆಯ ಮೇಲಿದ್ದರೇ ಕ್ಷೇಮ.

ಎಕ್ಸಾಸ್ಟ್ ಫ್ಯಾನಿಗೆ ಜಾಗವೂ ಸಿದ್ಧವಾಗಿತ್ತು. ಒಲೆಯ ಮೇಲಿನ ವೆಂಟಿಲೇಟರ್ ತೆರೆಯುವುದು ಎರಡು ಮನೆಗಳ ನಡುವಿನ ಮೂರಡಿ ಸಂದಿಗೆ. ಸಂದಿಯ ಆಚೆ ಪಕ್ಕದ ಮನೆಯ ಕೋಣೆಯ ಕಿಟಕಿ, ಆ ಕಿಟಕಿಯ ಕೆಳಗೆ ಅವರ ಮನೆಯ ಅಜ್ಜಿಯ ಮಂಚ. ಅಜ್ಜಿಗೆ ಉಬ್ಬಸ. ರಾತ್ರಿ ಅವರು ಉಸಿರಿಗಾಗಿ ಎದ್ದು ಕೂರುವುದು ನಮಗೆ ಕೇಳಿಸುತ್ತದೆ.

"ನಮ್ಮ ಗೋಡೆ, ನಮ್ಮ ಫ್ಯಾನು. ಅವರ ಮನೆ ಮೀನಿನ ವಾಸನೆ ನಮಗೆ ಬರೋದಿಲ್ವಾ?" ಎಂದರು ನಮ್ಮ ಯಜಮಾನರು. ಮೇಸ್ತ್ರಿಯೂ, "ಎಲ್ಲಾರೂ ಸಂದಿಗೇ ಬಿಡೋದು ಮೇಡಂ" ಎಂದ. ಎರಡು ಮಾತೂ ಸುಳ್ಳಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಒಂದು ಕಟ್ಟಡಕ್ಕೆ 20 ವರ್ಷ ತಡೆಯಿಲ್ಲದೆ, ತಕರಾರಿಲ್ಲದೆ ಬಂದ ಗಾಳಿ ಬೆಳಕು ಆ ಕಟ್ಟಡದ ಹಕ್ಕೇ ಆಗುತ್ತದೆ. ಪಕ್ಕದವರು ಗೋಡೆ ಎಬ್ಬಿಸಿ ಅದನ್ನು ಮುಚ್ಚಿಬಿಡುವ ಹಾಗಿಲ್ಲ. ಆದರೆ ನಾನೇನೂ ಅಜ್ಜಿಯ ಕಿಟಕಿ ಮುಚ್ಚಲು ಹೊರಟಿರಲಿಲ್ಲ. ಗಾಳಿಯನ್ನು ತಡೆಯದೆ ಅದರಲ್ಲಿ ನನ್ನ ಮೆಣಸಿನಕಾಯಿ ಘಾಟನ್ನು ಬೆರೆಸುತ್ತಿದ್ದೆ, ಅಷ್ಟೆ. ಅಜ್ಜಿಯ ಮನೆಯವರು ದೂರು ಕೊಡುವ ಜನವೂ ಅಲ್ಲ. ಕೇಳುವವರು ಇಲ್ಲದ ಕಡೆಯಲ್ಲೇ ನ್ಯಾಯ ಅನ್ಯಾಯವನ್ನು ನಾವೇ ನೋಡಿಕೊಳ್ಳಬೇಕಾಗುತ್ತದೆ.

ಹಾಗಾದರೆ ಫ್ಯಾನೇ ಬೇಡ ಎಂದುಬಿಡಬಹುದಿತ್ತು. ಇಲ್ಲಿ ನಾನು ಬಹಳ ಯೋಚಿಸಿದೆ. ನಾವು ಹೆಂಗಸರಿಗೆ ಇನ್ನೊಬ್ಬರ ಕಷ್ಟ ಬೇಗ ಕಾಣುತ್ತದೆ. ಕಂಡ ಕೂಡಲೇ ನಮ್ಮದನ್ನು ಬಿಟ್ಟುಕೊಟ್ಟು ಅದಕ್ಕೆ ಒಳ್ಳೆಯತನವೆಂದು ಹೆಸರಿಡುತ್ತೇವೆ. ಮಲಗುವ ಕೋಣೆಗೆ ಏ.ಸಿ. ತರುವಾಗ ಅದರ ಹೊರಗಿನ ಪೆಟ್ಟಿಗೆಯ ಬಿಸಿಗಾಳಿ ಯಾರ ಕಿಟಕಿಗೆ ಬಡಿಯುತ್ತದೆಂದು ಮನೆಯಲ್ಲಿ ಯಾರೂ ಚರ್ಚೆ ಮಾಡಲಿಲ್ಲ. ಅಡಿಗೆಮನೆಯ ಗಾಳಿಗೆ ಬಂದಾಗ ಮಾತ್ರ ಧರ್ಮಸೂಕ್ಷ್ಮ! ದಿನಕ್ಕೆ ಮೂರು ಗಂಟೆ ಆ ಒಲೆಯ ಮುಂದೆ ನಿಲ್ಲುವವಳ ಎದೆಯೂ ಎದೆಯೇ. ನಾನು ಉಸಿರು ಕಟ್ಟಿಕೊಂಡರೆ ಅಜ್ಜಿಗೆ ಪುಣ್ಯ ಬರುವುದಿಲ್ಲ. ಅಜ್ಜಿಯನ್ನು ಕೆಮ್ಮಿಸಿ ನಾನು ಹಾಯಾಗಿರುವುದೂ ನನಗೆ ಒಗ್ಗಲಿಲ್ಲ. ಇಬ್ಬರಲ್ಲಿ ಒಬ್ಬರು ಕೆಮ್ಮಲೇಬೇಕು ಎಂದು ಹೇಳಿದ್ದು ಯಾರು? ಹಣ ಉಳಿಸುವ ಲೆಕ್ಕ ಹೇಳಿತ್ತು, ಅಷ್ಟೆ.

ಅಸ್ತ್ರ ಒಲೆಯ ಕೊಳವೆ ನೆನಪಾದದ್ದು ಆಗಲೇ. ಒಲೆಯ ಮೇಲೆ ಕೊಳವೆಯಿರುವ ಚಿಮಣಿ ಕೂರಿಸಿ, 6 ಇಂಚಿನ ಪೈಪನ್ನು ಗೋಡೆಯಿಂದ ಹೊರತೆಗೆದು, ಗೋಡೆಗುಂಟ ಮೇಲೇರಿಸಿ, ತಾರಸಿಯ ಕೈಗೋಡೆಗಿಂತ ಎತ್ತರಕ್ಕೆ ಬಿಡುವುದು. ತುದಿಗೆ ಮಳೆಗೆ ಟೋಪಿ. ಪಕ್ಕದ್ದೂ ಒಂದೇ ಅಂತಸ್ತಿನ ಮನೆಯಾದ್ದರಿಂದ ಅಲ್ಲಿಂದ ಮುಂದೆ ಬಯಲು ಗಾಳಿ. ಪೈಪು ಉದ್ದವಾದಷ್ಟೂ, ತಿರುವು ಹೆಚ್ಚಾದಷ್ಟೂ ಎಳೆತ ಕಡಿಮೆಯಾಗುತ್ತದೆ ಎಂದು ಅಂಗಡಿಯವರು ಎಚ್ಚರಿಸಿದರು. ನಿಜ. ಅದಕ್ಕೇ ಎರಡೇ ತಿರುವು ಇರಲಿ, ಸುಕ್ಕಿನ ಪೈಪು ಬೇಡ, ನುಣುಪಾದ ತಗಡಿನದೇ ಇರಲಿ ಎಂದು ಹಟ ಹಿಡಿದೆ. ಎಕ್ಸಾಸ್ಟ್ ಫ್ಯಾನಿಗಿಂತ ಖರ್ಚು ಹಲವು ಪಟ್ಟು. ಅದನ್ನು ನನ್ನ ಚೀಟಿ ಹಣದಿಂದ ಕೊಡುತ್ತೇನೆ ಎನ್ನಲಿಲ್ಲ. ಅನ್ನ ತಿನ್ನುವುದು ಮನೆಯವರೆಲ್ಲ, ಆದ್ದರಿಂದ ಏ.ಸಿ.ಯ ಹಾಗೆ ಇದೂ ಮನೆಯ ಖರ್ಚು ಎಂದೆ. ಯಜಮಾನರು ಎರಡು ದಿನ ಮೌನವಾಗಿದ್ದು ಮೂರನೆಯ ದಿನ ಮೇಸ್ತ್ರಿಗೆ ಫೋನ್ ಮಾಡಿದರು.

ವೆಂಟಿಲೇಟರಿನ ಗಾಜು ತೆಗೆಸಿ ಬರೀ ಜಾಲರಿ ಹಾಕಿಸಿದ್ದೇನೆ. ಈಗ ಸಂದಿಯ ಕಡೆಯಿಂದ ಗಾಳಿ ಒಳಗೆ ಬರುತ್ತದೆ. ಚಿಮಣಿಯ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ಸೋಡಾಪುಡಿಯ ಬಿಸಿನೀರಿನಲ್ಲಿ ತೊಳೆಯಬೇಕು. ಒಂದು ಸರದಿ ಮಗನದು, ಒಂದು ನನ್ನದು. ತಾರಸಿಯಲ್ಲಿ ಪೈಪಿನ ಬಾಯಿಗೆ ನೇರವಾಗಿದ್ದ ಬಟ್ಟೆ ತಂತಿಯನ್ನು ನೀರಿನ ಟ್ಯಾಂಕಿನ ಆ ಕಡೆಗೆ ಕಟ್ಟಿಕೊಂಡಿದ್ದೇವೆ.