ಅನುಭವಕ್ಕೆ ಅಂಕವುಂಟೇ?

ಮನುಷ್ಯನು ಬೆಳೆಯಬೇಕೆಂಬುದು ಸರ್ವರೂ ಒಪ್ಪುವ ಮಾತು. ಬೆಳೆದುದನ್ನು ಅಳೆಯುವ ಬಗೆ ಯಾವುದು, ಅಳೆಯತಕ್ಕವರು ಯಾರು ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಈ ಹಳೆಯ ಪ್ರಶ್ನೆಯು ಈಚೆಗೆ ಒಂದು ದಿನ, ಮುರುಘೇಂದ್ರ ಶಿವಯೋಗಿಗಳು ಬಾಳಿದ ಅಥಣಿಯಲ್ಲಿ, ಚಪ್ಪಲಿ ಹೊಲಿಯುವ ಒಬ್ಬ ವೃದ್ಧರ ಮನೆಯ ಕಟ್ಟೆಯ ಮೇಲೆ ಹೊಸ ವೇಷದಿಂದ ನನ್ನೆದುರಿಗೆ ಬಂದು ನಿಂತಿತು.

ನಾನು ಹೋದುದು ಒಂದು ಜೋಡು ಚಪ್ಪಲಿ ಕೊಳ್ಳುವುದಕ್ಕಾಗಿ. ವೃದ್ಧರು ಅಟ್ಟೆಗೆ ತೊಗಲಿನ ಎಳೆಯಿಂದ ಹೊಲಿಗೆ ಹಾಕುತ್ತಿದ್ದರು. ನಿಪ್ಪಾಣಿಯ ಕಾಲೇಜಿನಲ್ಲಿ ಓದುವ ಅವರ ಮೊಮ್ಮಗನು ರಜೆಗೆ ಬಂದವನು ಪಕ್ಕದಲ್ಲಿಯೇ ಕುಳಿತು ಲ್ಯಾಪ್‌ಟಾಪಿನಲ್ಲಿ ಆಟವಾಡುತ್ತಿದ್ದನು. ಪರದೆಯ ಮೇಲೆ ಹಿಮಬೆಟ್ಟಗಳ ನಾಡು; ಅಲ್ಲಿ ಕವಚ ತೊಟ್ಟ ಒಬ್ಬ ವೀರನು ಕುಲುಮೆಯ ಮುಂದೆ ನಿಂತು ಸುತ್ತಿಗೆ ಬಡಿಯುತ್ತಿದ್ದನು. ಹುಡುಗನು ಹಿಗ್ಗಿನಿಂದ ತಲೆಯೆತ್ತಿ, “ಅಜ್ಜಾ, ನಂದು 58ನೇ ಲೆವೆಲ್ ಆತು. ನಿಂದು ಎಷ್ಟನೇದು?” ಎಂದು ನಗೆಯಾಡಿದನು. ವೃದ್ಧರು ಹೊಲಿಗೆಯಿಂದ ಕಣ್ಣು ತೆಗೆಯದೆ, “ನನಗೇನ ಗೊತ್ತೋ ತಮ್ಮಾ! ಈ ಜೋಡ ಮೆಟ್ಟಿಕೊಂಡು ನಡದಾಂವನ್ನ ಕೇಳಬೇಕ” ಎಂದರು. ಆಟದ ಮಾತಿಗೆ ಆಟದ ಮಾತೇ ಉತ್ತರವಾಗಿ ಬಂದಿತು. ಆದರೆ ಊರಿಗೆ ಮರಳುವ ದಾರಿಯುದ್ದಕ್ಕೂ ಆ ಎರಡು ಮಾತುಗಳು ನನ್ನ ಮನಸ್ಸನ್ನು ಬಿಡಲಿಲ್ಲ.

ಈ ಬಗೆಯ ಆಟವನ್ನು ಅರಿಯದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಆಡುವವನು ಕಲ್ಪಿತ ಲೋಕದ ಒಬ್ಬ ಪಾತ್ರವನ್ನು ತನ್ನದಾಗಿ ವಹಿಸಿಕೊಳ್ಳುತ್ತಾನೆ. ಆ ಪಾತ್ರವು ಶತ್ರುವನ್ನು ಗೆದ್ದಾಗ, ಕೈಗೊಂಡ ಕಾರ್ಯವನ್ನು ಮುಗಿಸಿದಾಗ ಅದರ ಲೆಕ್ಕಕ್ಕೆ ಅಂಕಗಳು ಜಮೆಯಾಗುತ್ತವೆ. ಅಂಕಗಳು ನಿಯತವಾದ ಸಂಖ್ಯೆಯನ್ನು ಮುಟ್ಟಿದೊಡನೆ ಪಾತ್ರವು ಒಂದು ಮಟ್ಟ ಮೇಲೇರುತ್ತದೆ. ಅದರ ಬಲ, ವಿದ್ಯೆ, ಕೈಚಳಕಗಳು ಹೆಚ್ಚುತ್ತವೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಕಾಗದ ಮತ್ತು ದಾಳಗಳಿಂದ ಆಡುವ ಆಟದಿಂದ ಈ ಪದ್ಧತಿಯು ಹರಡಿತು. ಮುಂದೆ ಕಂಪ್ಯೂಟರಿನ ಆಟಗಳಿಗೂ ಬಂದಿತು. ಅಲ್ಲಿ ಈ ಅಂಕಗಳಿಗೆ ಇಟ್ಟ ಹೆಸರು ‘ಅನುಭವದ ಅಂಕ’ ಎಂದು. ಅನುಭವ ಮಂಟಪದ ಹೆಸರನ್ನು ಕೇಳುತ್ತ ಬೆಳೆದ ನಮಗೆ ಈ ಶಬ್ದವು ಕಿವಿಗೆ ಬಿದ್ದಾಗ ಒಂದು ಕ್ಷಣ ನಿಲ್ಲಬೇಕೆನಿಸುವುದು ಸಹಜವೇ ಸರಿ.

ಇಂಥ ಆಟವನ್ನು ಕಂಡೊಡನೆ ಹಳಿಯುವುದು ಹಿರಿಯರಿಗೆ ಸುಲಭ. ಆದರೆ ಅದರಲ್ಲಿರುವ ಸತ್ಯವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಮಾಡಿದರೆ ಮಾತ್ರ ಬರುತ್ತದೆ, ಮಾಡುತ್ತ ಹೋದಂತೆ ಹೆಚ್ಚುತ್ತದೆ ಎಂಬ ಪಾಠವನ್ನು ಈ ಆಟವು ಕಲಿಸುತ್ತದೆ. ಆ ಹುಡುಗನು ಆಡುತ್ತಿದ್ದ ‘ಸ್ಕೈರಿಮ್’ ಎಂಬ ಆಟವು 2011ರಲ್ಲಿ ಬಂದುದು. ಅದರಲ್ಲಿ 18 ಬಗೆಯ ವಿದ್ಯೆಗಳಿವೆ. ಯಾವುದನ್ನು ಬಳಸುವೆವೋ ಅದೇ ಬೆಳೆಯುತ್ತದೆ. ಇನ್ನೊಂದು ಮಾತು: ಅಲ್ಲಿ ದುಡಿದವನ ದುಡಿಮೆ ವ್ಯರ್ಥವಾಗುವುದಿಲ್ಲ. ದುಡಿದವನು ಯಾರ ಮಗ, ಯಾವ ಕೇರಿಯವನು ಎಂದು ಕೇಳದೆ ಲೆಕ್ಕದ ಪುಸ್ತಕವು ಅಂಕವನ್ನು ಬರೆದುಕೊಳ್ಳುತ್ತದೆ.

ಹೊರಗಿನ ಲೋಕವು ಹಾಗಿದೆಯೇ? ಆ ವೃದ್ಧರ ಕೈಯನ್ನು ನೋಡಿರಿ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲನ್ನು ಬಡಿದು, ಕೊಯ್ದು, ಮೊಳೆಯ ಹಂಗಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವ ಈ ವಿದ್ಯೆಗೆ ಪೇಟೆಯಲ್ಲಿ ಕೊಲ್ಹಾಪುರಿ ಎಂದು ಹೆಸರು. ಅಥಣಿ, ನಿಪ್ಪಾಣಿಗಳ ಕೈಗಳು ಮಾಡಿದ ವಸ್ತುವು ನೆರೆಯ ಊರಿನ ಹೆಸರಿನಿಂದ ಮಾರಾಟವಾಗುತ್ತ ಬಂದಿತು. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಎಂಬ ನಮ್ಮ 4 ಜಿಲ್ಲೆಗಳೂ ಸೇರಿದುವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನವೊಂದರಲ್ಲಿ ಪ್ರಾಡಾ ಎಂಬ ಸಂಸ್ಥೆಯು ಇದೇ ಮಾದರಿಯ ಪಾದರಕ್ಷೆಗಳನ್ನು ಇದರ ಹೆಸರೆತ್ತದೆ ತೋರಿಸಿತು. ಆಕ್ಷೇಪವೆದ್ದ ಮೇಲೆ ಅದರ ಮೂಲವು ಭಾರತದ ಕುಶಲಕರ್ಮಿಗಳದೆಂದು ಒಪ್ಪಿಕೊಂಡಿತು. ಇಷ್ಟೆಲ್ಲ ನಡೆದರೂ ಕಟ್ಟೆಯ ಮೇಲೆ ಕುಳಿತು ಹೊಲಿಯುವವನ ಹೆಸರು ಯಾವ ಜೋಡಿನ ಮೇಲೂ ಇಲ್ಲ. ಹೀಗಿರಲಾಗಿ, ದುಡಿಮೆಯನ್ನು ತಪ್ಪದೆ ಬರೆದುಕೊಳ್ಳುವ ಲೋಕವೊಂದು ಪರದೆಯ ಮೇಲೆ ಕಂಡಾಗ ಮೊಮ್ಮಗನು ಅತ್ತ ತಿರುಗಿದರೆ ತಪ್ಪು ಅವನೊಬ್ಬನದೇ ಎನ್ನಲಾದೀತೆ? ಅಜ್ಜನ ವಿದ್ಯೆಗೆ ಬೆಲೆ ಕಟ್ಟದ ನಾವು ಮೊಮ್ಮಗನಿಗೆ ಬುದ್ಧಿ ಹೇಳುವ ಮುನ್ನ ತುಸು ನಾಚಬೇಕು.

ಇನ್ನು ಆ ಲೆಕ್ಕದ ಕೊರತೆಯನ್ನು ನೋಡೋಣ. ಆ ಆಟದಲ್ಲಿ ಒಂದು ಕಬ್ಬಿಣದ ಗಟ್ಟಿ, ಒಂದು ತೊಗಲಿನ ಪಟ್ಟಿ ಇದ್ದರೆ ಒಂದು ಕಿರುಗತ್ತಿಯಾಗುತ್ತದೆ. ಕಮ್ಮಾರಿಕೆಯ ಅಂಕ ಏರುತ್ತದೆ. ಆಟವು ಬಂದ ಹೊಸದರಲ್ಲಿ ಆಡುವವರು ಒಂದೇ ಬಗೆಯ ಕಿರುಗತ್ತಿಗಳನ್ನು ನೂರಾರು ಮಾಡಿ, ಯಾರಿಗೂ ಬೇಡವಾದ ಆ ರಾಶಿಯ ಮೇಲೆ ನಿಂತು ಶ್ರೇಷ್ಠ ಕಮ್ಮಾರರೆನಿಸಿಕೊಂಡರು. ಮುಂದೆ ಅದನ್ನು ರಚಿಸಿದವರು, ಮಾಡಿದ ವಸ್ತುವಿನ ಬೆಲೆಗೆ ತಕ್ಕಂತೆ ಅಂಕ ಬರುವ ಹಾಗೆ ತಿದ್ದಬೇಕಾಯಿತು. ಕತ್ತಿಯು ಯಾರಿಗೆ ಬೇಕಾಗಿತ್ತೆಂಬುದನ್ನು ಅಂಕವು ಕೇಳಲಿಲ್ಲ. ವೃದ್ಧರ ಕೈಯಲ್ಲಿದ್ದುದೂ ತೊಗಲಿನ ಪಟ್ಟಿಯೇ. ಆದರೆ ಅದು ಹೊಲಿಯುವವನ ಲೆಕ್ಕಕ್ಕೆ ಸೇರದೆ, ನಡೆಯುವವನ ಹೆಜ್ಜೆಗೆ ಸೇರಬೇಕು. ಕುಶಲತೆಯ ಅಳತೆಯು ಅಲ್ಲಿ ಇನ್ನೊಬ್ಬರ ಅಂಗಾಲಿನಲ್ಲಿದೆ. ಕೆಲಸಕ್ಕೂ ಕಾಯಕಕ್ಕೂ ಇರುವ ಅಂತರವು ಇದೇ.

ಕೈಗೆಲಸದ ಮಾತು ಹೀಗಾದರೆ ಸದ್ಗುಣದ ಮಾತೇನು? ಇದನ್ನೂ ಆಟದಲ್ಲಿ ಅಳೆಯಲು ಯತ್ನಿಸಿದವರುಂಟು. ಅಮೆರಿಕದ ರಿಚರ್ಡ್ ಗ್ಯಾರಿಯಟ್ ಎಂಬವರು 1985ರಲ್ಲಿ ‘ಅಲ್ಟಿಮಾ’ ಎಂಬ ಆಟದ 4ನೆಯ ಭಾಗವನ್ನು ಹೊರತಂದರು. ಅದರ ಹೆಸರಿನಲ್ಲಿ ನಮ್ಮ ‘ಅವತಾರ’ ಎಂಬ ಶಬ್ದವೇ ಇದೆ. ಅಲ್ಲಿ ಗೆಲ್ಲಲು ದೊಡ್ಡ ಶತ್ರುವೊಬ್ಬನಿಲ್ಲ. ಸತ್ಯ, ಕರುಣೆ, ಧೈರ್ಯ, ನ್ಯಾಯ, ತ್ಯಾಗ, ಮಾನ, ಆಧ್ಯಾತ್ಮ, ವಿನಯ ಎಂಬ 8 ಗುಣಗಳನ್ನು ಪಾತ್ರವು ಸಾಧಿಸಬೇಕು. ಮೂಲಿಕೆ ಮಾರುವ ಹೆಂಗಸಿಗೆ ಕಣ್ಣು ಕಾಣದು. ಕೊಳ್ಳುವವನೇ ಹಣವನ್ನು ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೆ ಅವಳು ತಿಳಿಯಳು, ಆದರೆ ಒಳಗಿನ ಲೆಕ್ಕದಲ್ಲಿ ಸತ್ಯವು ಕುಂದುತ್ತದೆ. ಭಿಕ್ಷುಕನಿಗೆ ಕೊಟ್ಟರೆ ಕರುಣೆ ಹೆಚ್ಚುತ್ತದೆ. ರಚಿಸಿದವರ ವಿವೇಕವನ್ನು ಮೆಚ್ಚಬೇಕು: ಈ ಅಂಕಗಳನ್ನು ಅವರು ಆಡುವವನ ಕಣ್ಣಿಗೆ ತೋರಿಸದೆ ಮರೆಮಾಡಿದರು. ತಾನೆಲ್ಲಿ ನಿಂತಿರುವೆನೆಂದು ತಿಳಿಯಬೇಕಾದರೆ ಅರಮನೆಯಲ್ಲಿರುವ ಒಬ್ಬ ಜ್ಞಾನಿಯನ್ನು ಕೇಳಬೇಕು.

ಇಷ್ಟಾದರೂ ಮೂಲದ ತೊಡಕು ಉಳಿಯಿತು. ಕೊಟ್ಟರೆ ಕರುಣೆಯ ಅಂಕ ಏರುವುದೆಂದು ಬಲ್ಲವನು ಭಿಕ್ಷುಕನನ್ನು ಮತ್ತೆ ಮತ್ತೆ ಹುಡುಕಿಕೊಂಡು ಹೋಗುತ್ತಾನೆ. ಅವನ ಕಣ್ಣಿಗೆ ಕಾಣುವುದು ಹಸಿದವನ ಮುಖವಲ್ಲ, ತನ್ನ ಅಂಕ. ಕೊಡುವ ಕೈ ಅದೇ, ನಾಣ್ಯ ಅದೇ, ಕರುಣೆ ಮಾತ್ರ ಅಲ್ಲಿಲ್ಲ. ಹಾಗಾದರೆ ಗುಣವನ್ನು ಗಳಿಸಬೇಕೆಂದು ಮಾಡಿದ ಕಾರ್ಯದಿಂದ ಗುಣವು ಬರುವುದುಂಟೇ?

ಈ ಪ್ರಶ್ನೆಯನ್ನು ಹುಡುಗರ ತಲೆಯ ಮೇಲೆ ಹೊರಿಸಿ ನಾವು ದೂರ ನಿಲ್ಲುವಂತಿಲ್ಲ. ನಮ್ಮ ಸಮುದಾಯ ಭವನಗಳ ಗೋಡೆಗಳಲ್ಲಿ ದಾನಿಗಳ ಹೆಸರುಗಳನ್ನು ಹಣದ ಮೊತ್ತಕ್ಕನುಗುಣವಾಗಿ ಮೇಲಿಂದ ಕೆಳಕ್ಕೆ ಕೊರೆದಿರುವುದನ್ನು ಕಾಣುತ್ತೇವೆ. ಒಮ್ಮೆ ನಾನೂ ಒಂದು ದಾಸೋಹಕ್ಕೆ ಅಲ್ಪ ಹಣವನ್ನು ಸಲ್ಲಿಸಿ, ಮುಂದಿನ ಸಲ ಅಲ್ಲಿಗೆ ಹೋದಾಗ ಉಣ್ಣುವವರ ಪಂಕ್ತಿಯನ್ನು ನೋಡುವ ಮೊದಲು ಗೋಡೆಯ ಕಲ್ಲನ್ನು ನೋಡಿದೆನು. ನನ್ನ ಹೆಸರು ಅಲ್ಲಿರಲಿಲ್ಲ. ಆ ದಿನದ ಅನ್ನವು ನನಗೆ ರುಚಿಸಲಿಲ್ಲ. ಅದನ್ನು ನೆನೆದಾಗ, ಲ್ಯಾಪ್‌ಟಾಪಿನ ಮುಂದೆ ಕುಳಿತ ಆ ಹುಡುಗನಿಗಿಂತ ನಾನು ಯಾವ ಮಟ್ಟದಲ್ಲಿ ಹೆಚ್ಚಿನವನು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಶರಣರು ಈ ರೋಗವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆಯ್ದಕ್ಕಿ ಮಾರಯ್ಯನವರ ಕಥೆಯು ವಾಚಕರಿಗೆ ತಿಳಿದುದೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಅವರದು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಯಾವ ಆಟದ ಲೆಕ್ಕದಲ್ಲಿಯಾದರೂ ಅದು ಏಳಿಗೆಯ ದಿನ. ಆದರೆ ಲಕ್ಕಮ್ಮನವರು ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಗಂಡನನ್ನು ಹಿಂದಕ್ಕೆ ಕಳಿಸಿದರು.

ಹರಳಯ್ಯನವರ ಕಥೆಯು ಇನ್ನೂ ಸೂಕ್ಷ್ಮವಾದುದು. ಅವರದೂ ಅಥಣಿಯ ಆ ವೃದ್ಧರ ಕಾಯಕವೇ. ಕಲ್ಯಾಣದ ಬೀದಿಯಲ್ಲಿ ಅವರು ಬಸವಣ್ಣನವರಿಗೆ ‘ಶರಣು’ ಎಂದರು. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರು. ಒಂದಕ್ಕೆ ಎರಡಾಗಿ ಬಂದ ಆ ಗೌರವವನ್ನು ಹರಳಯ್ಯನವರು ತಮ್ಮ ಏಳಿಗೆಯೆಂದು ಭಾವಿಸಲಿಲ್ಲ, ಹೊರಲಾರದ ಭಾರವೆಂದು ಭಾವಿಸಿದರು. ಸತಿಪತಿಗಳಿಬ್ಬರೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದರೆಂದೂ, ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದೂ ಪರಂಪರೆಯು ಹೇಳುತ್ತದೆ. ಕೊಟ್ಟವನೂ ತನ್ನದೆನ್ನಲಿಲ್ಲ, ಪಡೆದವನೂ ತನಗೆ ಸಲ್ಲುವುದೆನ್ನಲಿಲ್ಲ. ಒಂದು ಕಥೆಯಲ್ಲಿ ಹೆಚ್ಚಾಗಿ ಬಂದ ಅಕ್ಕಿ, ಇನ್ನೊಂದರಲ್ಲಿ ಹೆಚ್ಚಾಗಿ ಬಂದ ಮಾತು. ಎರಡರಲ್ಲಿಯೂ ಶರಣರು ಆ ಹೆಚ್ಚಿನದನ್ನು ‘ನಾನು’ ಎಂಬ ಖಾತೆಗೆ ಜಮೆ ಮಾಡಲೊಲ್ಲರು.

ಇಲ್ಲಿ ಒಂದು ಆಕ್ಷೇಪವು ಬರಬಹುದು: “ಶರಣಧರ್ಮದಲ್ಲಿಯೂ ಮೆಟ್ಟಿಲುಗಳಿಲ್ಲವೇ? ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ 6 ಸ್ಥಲಗಳು ಮತ್ತೇನು?” ಎಂದು. ಮೆಟ್ಟಿಲುಗಳು ಉಂಟು, ನಿಜ. ಆದರೆ ಆಟದ ಮೆಟ್ಟಿಲನ್ನೇರಿದಂತೆ ಪಾತ್ರಕ್ಕೆ ಒಂದೊಂದು ಸೇರುತ್ತ ಹೋಗುತ್ತದೆ. ಷಟ್‌ಸ್ಥಲದ ಮೆಟ್ಟಿಲನ್ನೇರಿದಂತೆ ಸಾಧಕನಿಂದ ಒಂದೊಂದು ಕಳಚುತ್ತ ಹೋಗುತ್ತದೆ. ಪ್ರಸಾದಿಯು ಬಂದುದನ್ನು ಗಳಿಕೆಯೆನ್ನದೆ ಪ್ರಸಾದವೆನ್ನುತ್ತಾನೆ. ಶ್ರದ್ಧೆ, ನಿಷ್ಠೆ, ಅವಧಾನಗಳನ್ನು ದಾಟಿದ ಮೇಲೆ ಪ್ರಾಣಲಿಂಗಿಗೆ ಹೇಳಿದ ಭಕ್ತಿಯ ಹೆಸರೇ ‘ಅನುಭವ’. ಅದು ಕೂಡಿಡುವ ವಸ್ತುವಲ್ಲ, ಕೂಡಿಡುವವನು ಕರಗುವ ಬಗೆ. ಇನ್ನು ಐಕ್ಯದಲ್ಲಿ ನಿಂತು “ನಾನು 6ನೆಯ ಮಟ್ಟದವನು” ಎಂದು ಹೇಳಿಕೊಳ್ಳಲು ಅಲ್ಲಿ ಯಾರೂ ಉಳಿದಿರುವುದಿಲ್ಲ. ಹಾಗೆ ಹೇಳಿಕೊಳ್ಳುವವನು ಇನ್ನೂ ಮೊದಲ ಮೆಟ್ಟಿಲಿನ ಕೆಳಗಿದ್ದಾನೆ.

“ಎಣಿಕೆಯೇ ಬೇಡವೆಂದರೆ ಮನುಷ್ಯನು ಸೋಮಾರಿಯಾಗನೇ?” ಎಂದು ಮತ್ತೊಬ್ಬರು ಕೇಳಬಹುದು. ಎಣಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಅಕ್ಷರ ಕಲಿಯುವ ಮಗುವಿಗೆ ಪರೀಕ್ಷೆ ಬೇಕು, ಗರಡಿಯ ಹುಡುಗನಿಗೆ ದಂಡ ಬೈಠಕ್ಕುಗಳ ಲೆಕ್ಕ ಬೇಕು, ಕಾಯಕ ಮಾಡುವವನಿಗೆ ನ್ಯಾಯವಾದ ಕೂಲಿಯ ಲೆಕ್ಕವಂತೂ ಬೇಕೇ ಬೇಕು. ಇನ್ನೊಬ್ಬರಿಗೆ ಸಲ್ಲಬೇಕಾದುದನ್ನು ಎಣಿಸುವುದು ಧರ್ಮ. ತನ್ನ ಒಳ್ಳೆಯತನವನ್ನು ತಾನೇ ಎಣಿಸುವುದು ಆ ಒಳ್ಳೆಯತನಕ್ಕೆ ಹತ್ತಿದ ಗೆದ್ದಲು. ನಾವು ಮಾಡುತ್ತಿರುವುದು ಬಹುಶಃ ಇದರ ತಿರುವುಮುರುವು: ಚಪ್ಪಲಿ ಹೊಲಿಯುವವನ ಕೂಲಿಯಲ್ಲಿ ಎಣಿಕೆ ತಪ್ಪುತ್ತೇವೆ, ನಮ್ಮ ಪುಣ್ಯದಲ್ಲಿ ತಪ್ಪುವುದಿಲ್ಲ.

ಮಾದಾರ ಚನ್ನಯ್ಯನವರ ವಚನಗಳ ಅಂಕಿತದಲ್ಲಿ ಅವರ ಹೆಗ್ಗಳಿಕೆಯ ಮಾತಿಲ್ಲ; ಉಳಿ, ಕತ್ತಿ, ಅಡಿಗುಂಟ ಎಂಬ ಕಸುಬಿನ ಉಪಕರಣಗಳ ಹೆಸರಿದೆ. ಅಥಣಿಯ ವೃದ್ಧರು ಆ ವಚನಗಳನ್ನು ಓದಿದ್ದಾರೋ ಇಲ್ಲವೋ, ನಾನು ಕೇಳಲಿಲ್ಲ. ಅವರು ಹೇಳಿದ ಬೆಲೆಯಲ್ಲಿ ಚೌಕಾಸಿ ಮಾಡಬೇಕೆಂದು ಮನೆಯಿಂದ ಹೊರಡುವಾಗ ನಿಶ್ಚಯಿಸಿದ್ದೆನು. ಮಾಡದೆ ಕೊಟ್ಟು ಬಂದೆನು. ಇದನ್ನು ಬರೆಯುತ್ತಿರುವಂತೆ, ಇದೂ ಒಂದು ಅಂಕವೆಂದು ಮನಸ್ಸು ಒಳಗೊಳಗೇ ಬರೆದುಕೊಳ್ಳುತ್ತಿರುವುದನ್ನು ಕಾಣುತ್ತಿದ್ದೇನೆ. ಲಕ್ಕಮ್ಮನವರಿದ್ದಿದ್ದರೆ ಇದನ್ನೂ ತಿರುಗಿ ಸುರಿದು ಬಾ ಎನ್ನುತ್ತಿದ್ದರು. ಆ ಹುಡುಗನು ಆಟವನ್ನಾಡಲಿ. ಆಡುತ್ತಿರುವಾಗ ಒಮ್ಮೆಯಾದರೂ ಅಜ್ಜನ ಉತ್ತರವು ಅವನ ನೆನಪಿಗೆ ಬರಲಿ. ಅವರು ಹೊಲಿದ ಜೋಡು ಈಗ ನನ್ನ ಕಾಲಲ್ಲಿದೆ. ಎಲ್ಲಿಯೂ ಒತ್ತುವುದಿಲ್ಲ.